ಮುಟ್ಟುವ ಮೊದಲು ನನ್ನನ್ನು ಕೇಳಿ

ಮನೆಯಿಂದ, ಊಟದ ಮೇಜಿನ ಮೇಲೆ ಬರೆದದ್ದು
ಹದಿನೇಳನೆಯ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಇವಳೇ,

ಮೂವತ್ತೊಂದು ವರ್ಷ ಕರೆದ ಹಾಗೆಯೇ ಕರೆದಿದ್ದೇನೆ. ಕಾಗದಕ್ಕೆಂದು ಬೇರೆ ಸಂಬೋಧನೆ ಹುಡುಕಲು ಹೋದರೆ ನೀನು ನಗುತ್ತೀಯೆ. ನಗುವುದಾದರೆ ಒಳ್ಳೆಯದೇ. ಮೊಣಕಾಲು ನೋವು ಹೇಗಿದೆ? ಬಿಳಿ ಮಾತ್ರೆ ಬೆಳಿಗ್ಗೆ, ಹಳದಿಯದು ರಾತ್ರಿ, ಅದಲುಬದಲು ಮಾಡಿಕೊಳ್ಳಬೇಡ. ನಿನ್ನ ಅಕ್ಕನ ಕೆಮ್ಮು ಕಡಿಮೆಯಾಯಿತೇ? ನನ್ನ ಷಡ್ಡಕರು ಈಗಲೂ ಮೂರು ಮನೆಗೆ ಕೇಳುವಂತೆ ರೇಡಿಯೋ ಹಾಕುತ್ತಾರೆಯೇ? ನಾನು ಆರೋಗ್ಯವಾಗಿದ್ದೇನೆ. ಎರಡು ಹೊತ್ತು ಉಣ್ಣುತ್ತಿದ್ದೇನೆ. ಅಡುಗೆ ಒಂದು ದಿನ ಉಪ್ಪಾಗುತ್ತದೆ, ಮರುದಿನ ಸಪ್ಪೆಯಾಗುತ್ತದೆ. ಎರಡು ದಿನವನ್ನೂ ಸೇರಿಸಿ ನೋಡಿದರೆ ದೂರುವಂಥದ್ದೇನಿಲ್ಲ. ಫೋನ್ ಮಾಡಬಾರದಿತ್ತೇ ಎನ್ನುತ್ತೀಯೆ. ಫೋನಿನಲ್ಲಿ ನೀನು ಮಾತಿಗೆ ಮೊದಲೇ ಅಳುತ್ತೀಯೆ, ನಾನು ಮಾತಿಗೆ ಮೊದಲೇ ಸಿಟ್ಟಾಗುತ್ತೇನೆ. ಹೇಳಬೇಕಾದ್ದು ಬಹಳವಿದೆ, ಅನುಕ್ರಮವಾಗಿ ಹೇಳಬೇಕಾಗಿದೆ. ಆದ್ದರಿಂದ ಕಾಗದ.

ನಿನ್ನೆ ಸಂಜೆ ವಾಚನಾಲಯದವರು ನಮ್ಮ ಪುಟ್ಟಿಗಾಗಿ ಸಂತಾಪ ಸಭೆ ನಡೆಸಿದರು. ಐವತ್ತು ಜನ ಸೇರಿದ್ದರು. ಐದು ಜನ ಮಾತನಾಡಿದರು. ಐವರೂ ಅವಳನ್ನು 'ಸದಾ ಹಸನ್ಮುಖಿ' ಎಂದರು. ಬೆಳಗಿನ ಕಾಫಿಗೆ ಮುಂಚೆ ಅವಳ ಮುಖ ನೋಡಿದವರು ಯಾರೂ ಆ ಮಾತು ಹೇಳುವುದಿಲ್ಲ. ಕೊನೆಗೆ ಕಾರ್ಯದರ್ಶಿಯವರು ನನ್ನ ಕಡೆ ತಿರುಗಿ, ತಂದೆಯವರು ಎರಡು ಮಾತು ಆಡಬೇಕು ಎಂದರು. ನಾನು ಎದ್ದು ನಿಂತೆ. ಬಿಡುವು ಮಾಡಿಕೊಂಡು ಬಂದ ಎಲ್ಲರಿಗೂ ಧನ್ಯವಾದ ಹೇಳಿದೆ. ಕುರ್ಚಿ ಜೋಡಿಸಿದವರಿಗೆ, ನೀರಿನ ಲೋಟ ಇಟ್ಟವರಿಗೆ, ಅವಳ ಫೋಟೋಕ್ಕೆ ಚೌಕಟ್ಟು ಹಾಕಿಸಿದವರಿಗೆ ಪ್ರತ್ಯೇಕವಾಗಿ ಹೇಳಿದೆ. ಆಮೇಲೆ, 'ನಿಮ್ಮ ಅನುಕಂಪವನ್ನು ಮಾತ್ರ ನಾನು ಸ್ವೀಕರಿಸುವುದಿಲ್ಲ. ಹೊರಡುವಾಗ ದಯವಿಟ್ಟು ಮರೆಯದೆ ಮನೆಗೆ ತೆಗೆದುಕೊಂಡು ಹೋಗಿ' ಎಂದೆ. ಇದಕ್ಕೆ ನಾನು ಹೇಗೆ ಬಂದೆ ಎಂಬುದನ್ನು ಹೇಳಿದರೆ ನಿನಗೂ ಸಿಟ್ಟು ಬರುತ್ತದೆ. ಬರಬೇಕು.

ಹೋದ ಸೋಮವಾರ ವಾಚನಾಲಯದಿಂದ ಒಂದು ಲಕೋಟೆ ಬಂತು. ಒಳಗೆ ಎರಡು ಕಾಗದ. ಮೊದಲನೆಯದು ಸಂತಾಪ ಸಭೆಯ ಆಹ್ವಾನ. 'ಸಂಸ್ಥೆಯ ಕಂಪ್ಯೂಟರ್ ವಿಭಾಗದ ಬೆನ್ನೆಲುಬಾಗಿದ್ದ' ಎಂದು ಶುರುವಾಗುತ್ತದೆ. ಎರಡನೆಯದು ಆಡಳಿತ ಸಮಿತಿಯ ನಡಾವಳಿ ಪುಸ್ತಕದ ಒಂದು ಪುಟದ ನಕಲು. ಅದರ ಒಂದು ವಾಕ್ಯವನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ: 'ಮೃತರ ನಿರ್ಲಕ್ಷ್ಯದಿಂದ ಒಳಹಾಲಿನ ವೈಫೈ ವ್ಯವಸ್ಥೆ ಅರ್ಧಂಬರ್ಧ ಸ್ಥಿತಿಯಲ್ಲಿ ಉಳಿದು ಓದುಗರಿಗೆ ತೀವ್ರ ತೊಂದರೆಯಾಗಿರುವುದನ್ನು ಸಮಿತಿಯು ವಿಷಾದದಿಂದ ದಾಖಲಿಸುತ್ತದೆ.' ಕೆಳಗೆ, ಅವಳ ಪಾಸ್‌ವರ್ಡುಗಳೇನಾದರೂ ಮನೆಯಲ್ಲಿದ್ದರೆ ಕಳಿಸಿಕೊಡಬೇಕೆಂದು ನನಗೆ ಕೋರಿಕೆ. ಒಂದೇ ಲಕೋಟೆ, ಒಂದೇ ಅಂಚೆಚೀಟಿ. ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಕೆಸರು! ಜ್ವರ ಮೆದುಳಿಗೇರಿ ನಾಲ್ಕು ದಿನದಲ್ಲಿ ಹೋದವಳು ಹೋಗುವ ಮುಂಚೆ ಚಾರ್ಜು ಒಪ್ಪಿಸಿ ಹೋಗಬೇಕಿತ್ತೇನು? ಮೂರನೆಯ ದಿನ, ಕಣ್ಣು ಬಿಡಲಾರದ ಸ್ಥಿತಿಯಲ್ಲಿ, 'ಒಳಹಾಲಿನಲ್ಲಿ ಪರೀಕ್ಷೆಯವರು ಕೂತಿರ್ತಾರೆ, ನೆಟ್ಟು ಸರಿಯಿದೆಯಾ ಕೇಳಮ್ಮಾ' ಎಂದು ನಿನ್ನನ್ನು ಕೇಳಿದವಳು ಅವಳು. ಅವಳ ಹೆಸರಿನ ಪಕ್ಕದಲ್ಲಿ ನಿರ್ಲಕ್ಷ್ಯ ಎಂಬ ಪದವೇ? ಆ ಪುಸ್ತಕಕ್ಕೆ ರಟ್ಟು ಕಟ್ಟಿ, ಬೀರುವಿನಲ್ಲಿಟ್ಟು, ಮುಂದಿನ ಐವತ್ತು ವರ್ಷ ಬಂದುಹೋದವರೆಲ್ಲ ಓದಬೇಕೇ?

ನೀನು ಅಕ್ಕನ ಮನೆಗೆ ಹೊರಡುವ ದಿನ ಬಾಗಿಲಲ್ಲಿ ನಿಂತು, 'ನಿಮಗೆ ಅಳೋಕೆ ಬರಲ್ಲ, ವಾದ ಮಾಡೋಕೆ ಬರುತ್ತೆ ಅಷ್ಟೆ' ಎಂದೆ. ಸರಿ, ಒಪ್ಪಿದೆ. ಬರುವುದನ್ನೇ ಮಾಡೋಣ ಎಂದು ಅಂಗಿ ತೊಟ್ಟು ಹೊರಟೆ.

ವಾದಕ್ಕೆ ಮೊದಲು ವಿಷಯ ತಿಳಿದಿರಬೇಕಲ್ಲ. ಪುಟ್ಟಿ ಬಿಡಿಭಾಗ ತರುತ್ತಿದ್ದ ರಿಪೇರಿ ಅಂಗಡಿಯಾಕೆಯ ಬಳಿಗೆ ಹೋದೆ. ಮೂವತ್ತೈದರ ಹೆಂಗಸು, ಕಿವಿಯ ಹಿಂದೆ ಸ್ಕ್ರೂಡ್ರೈವರ್, ಮಾತು ಸಿಡಿಮಿಡಿ. ನನ್ನನ್ನು ಅಂಕಲ್ ಎನ್ನುತ್ತಾಳೆ, ಸಹಿಸಿಕೊಂಡೆ. ನಾನು ನಡಾವಳಿಯ ನಕಲು ಮುಂದಿಟ್ಟಾಗ ಓದಿ, ಮಡಿಸಿ, 'ಯಾರ್ ಅಂಕಲ್ ಇದನ್ನ ಬರೆದ ಮಹಾನುಭಾವ?' ಎಂದಳು. ಅವಳು ಅಂಗಡಿ ಮುಚ್ಚಿ ನನ್ನೊಂದಿಗೆ ವಾಚನಾಲಯಕ್ಕೆ ಬಂದದ್ದು ಬುಧವಾರ ಮಧ್ಯಾಹ್ನ. ನೋಡಿದ್ದನ್ನು ನಾನು ನಿನಗೆ ಸರಳವಾಗಿ ಹೇಳುತ್ತೇನೆ, ಏಕೆಂದರೆ ನನಗೆ ಅರ್ಥವಾಗುವವರೆಗೆ ಅವಳನ್ನು ನಾಲ್ಕು ಸಲ ಹೇಳಿಸಿದ್ದೇನೆ.

ವಾಚನಾಲಯದ ಮುಂಬಾಗಿಲ ಕೋಣೆಯಲ್ಲಿ ಒಂದು ಪೆಟ್ಟಿಗೆಯಿದೆ. ಹೊರಗಿನ ತಂತಿ ಬರುವುದು ಅದಕ್ಕೆ, ರೂಟರ್ ಎನ್ನುತ್ತಾರೆ. ಒಳಗೆ ಯಾರು ಫೋನು ತೆರೆದರೂ, ಕಂಪ್ಯೂಟರ್ ಹಚ್ಚಿದರೂ, ಅವರವರ ಯಂತ್ರಕ್ಕೆ ಒಂದೊಂದು ನಂಬರು ಕೊಡುವುದು ಅದರ ಕೆಲಸ. ಆ ನಂಬರೇ ಐಪಿ ವಿಳಾಸ. ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು. ಓದುಗರು ಕೂರುವ ಒಳಹಾಲಿನ ಗೋಡೆ ದಪ್ಪ. ರೂಟರಿನ ಅಲೆ ಅಲ್ಲಿಗೆ ತಲುಪುವುದಿಲ್ಲ. ಅದಕ್ಕಾಗಿ ಪುಟ್ಟಿ ಒಳಹಾಲಿನ ಗೋಡೆಯ ಮೇಲೆ, ಏಣಿಯೆತ್ತರದಲ್ಲಿ, ಇನ್ನೊಂದು ಬಿಳಿ ಪೆಟ್ಟಿಗೆ ಹಾಕಿದ್ದಳು. ಆಕ್ಸೆಸ್ ಪಾಯಿಂಟ್ ಎಂದರೆ ಅದೇ. ಅದರ ಕೆಲಸ ಅಲೆಯನ್ನು ಒಳಗೆ ತಲುಪಿಸುವುದು ಮಾತ್ರ. ನಂಬರು ಹಂಚುವುದು ಅದರ ಕೆಲಸವಲ್ಲ. ಆದರೆ ಕಾರ್ಖಾನೆಯಿಂದ ಬರುವಾಗ ಅದು 'ಹಂಚುವವನು ನಾನೇ' ಎಂಬ ಅಹಂಕಾರದೊಂದಿಗೇ ಬರುತ್ತದಂತೆ. ಹಾಕುವವರು ಅದನ್ನು ಬಂದ್ ಮಾಡಿ, ಅದಕ್ಕೆ ರೂಟರಿನದ್ದಲ್ಲದ ಬೇರೆಯೇ ನಂಬರು ಕೊಟ್ಟು ಕೂರಿಸಬೇಕು.

ಈಗ ಆಗಿದ್ದೇನು? ರಿಪೇರಿ ಅಂಗಡಿಯಾಕೆ ತನ್ನ ಲ್ಯಾಪ್‌ಟಾಪ್ ಹಚ್ಚಿ ಎರಡು ನಿಮಿಷ ನೋಡಿದಳು. 'ನೋಡಿ ಅಂಕಲ್, ಎರಡು ಡಬ್ಬನೂ ನಾನೇ ನಂಬರ್ ಒನ್ ಅಂತ ಕೂತಿವೆ. ಎರಡೂ ಹಂಚ್ತಿವೆ. ಇದು ಒಬ್ಬರಿಗೆ ಕೊಟ್ಟ ನಂಬರನ್ನೇ ಅದು ಇನ್ನೊಬ್ಬರಿಗೆ ಕೊಡುತ್ತೆ. ಯಾರ ಕಾಗದ ಯಾರಿಗೆ ಹೋಗ್ಬೇಕು?' ಎಂದಳು. ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆ. ನನಗೆ ಆ ಕ್ಷಣ ನಮ್ಮದೇ ಈ ಊಟದ ಮೇಜು ಕಣ್ಣಿಗೆ ಕಟ್ಟಿತು. ನಿನಗೆ ನೆನಪಿರಬೇಕು, ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಏನು ಕೆಲಸ ಎಂದು ಕೇಳಿದ್ದೆ. 'ಬಂದವರಿಗೆ ಕೂರೋಕೆ ಜಾಗ ತೋರಿಸೋದು ಅಂದ್ಕೊಳ್ಳಪ್ಪಾ' ಎಂದಿದ್ದಳು. ನಾನು, 'ಕುರ್ಚಿ ತೋರಿಸೋಕೆ ನಾಲ್ಕು ವರ್ಷ ಓದಬೇಕಿತ್ತಾ? ಅದನ್ನ ಬಾಗಿಲಲ್ಲಿ ನಿಂತವರು ಓದದೇನೇ ಮಾಡ್ತಾರೆ' ಎಂದೆ. ನೀನು ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದೆ. ಅವಳು ಮಾತ್ರ ನಕ್ಕು, 'ತೋರಿಸೋರು ಇಬ್ಬರಾದ್ರೆ ಗೊತ್ತಾಗುತ್ತೆ ಬಿಡು' ಎಂದಿದ್ದಳು. ಗೊತ್ತಾಯಿತು.

ಅಲ್ಲಿಯೇ ನಿಂತಿದ್ದ ಕಾರ್ಯದರ್ಶಿಯವರು (ಕೊರಳಿಗೆ ಎರಡು ಕನ್ನಡಕ ನೇತುಹಾಕಿಕೊಂಡು ಎರಡರಲ್ಲಿಯೂ ಸರಿಯಾಗಿ ನೋಡದ ಮನುಷ್ಯ) 'ಅದೇ ನಾವು ಹೇಳೋದು, ಅವರು ಬಂದ್ ಮಾಡದೇ ಬಿಟ್ಟಿದ್ದಾರೆ' ಎಂದರು. ಅಷ್ಟಕ್ಕೇ ನಿಲ್ಲದೆ, ತಾವೇ ಆಮೇಲೆ ಅರ್ಧ ರಿಪೇರಿ ಮಾಡಿದ್ದಾಗಿ ಹೆಮ್ಮೆಯಿಂದ ಹೇಳಿಕೊಂಡರು: ಪುಟ್ಟಿ ತೀರಿಕೊಂಡು ಹತ್ತು ಹನ್ನೊಂದು ದಿನಕ್ಕೆ ಒಳಹಾಲಿನ ವೈಫೈನ ಹೆಸರೇ ಮಾಯವಾಗಿ ಯಾವುದೋ ಕಂಪನಿ ಹೆಸರು ಕಾಣತೊಡಗಿತಂತೆ, ಇವರು ಫೋನಿನಿಂದಲೇ ಮೊದಲಿನ ಹೆಸರು, ಮೊದಲಿನ ಪಾಸ್‌ವರ್ಡ್ ಹಾಕಿದರಂತೆ. ರಿಪೇರಿ ಅಂಗಡಿಯಾಕೆ ಕುಳಿತಲ್ಲಿಂದ ಎದ್ದಳು. 'ಹೆಸರೇ ಹೋಗಿತ್ತಾ? ಹಾಗಾದ್ರೆ ಯಾರೋ ರೀಸೆಟ್ ಮಾಡಿದ್ದಾರೆ ಸಾರ್. ಡಬ್ಬದ ಹೊಟ್ಟೆ ಕೆಳಗೆ ಸಣ್ಣ ತೂತಿರುತ್ತೆ, ಅದರೊಳಗೆ ಪಿನ್ನಿಟ್ಟು ಒತ್ತಿ ಹಿಡಿದ್ರೆ ಎಲ್ಲಾ ಅಳಿಸಿ ಹೊಸ ಮಾಲಾಗುತ್ತೆ. ಅವಳು ನಿದ್ದೆಗಣ್ಣಲ್ಲೂ ಇದನ್ನ ಹೀಗೆ ಬಿಡ್ತಿರಲಿಲ್ಲ' ಎಂದಳು. ಕಾರ್ಯದರ್ಶಿಯವರು, ಅದಕ್ಕೆ ಆಧಾರವೇನು ಎಂದು ಕೇಳಿದರು. ಆಧಾರ! ನನ್ನ ಮಗಳ ಮೇಲೆ ನಿರ್ಲಕ್ಷ್ಯ ಬರೆಯುವಾಗ ಈ ಪದ ಎಲ್ಲಿ ಸತ್ತಿತ್ತು?

ಅಂಗಡಿಯಾಕೆ ನನ್ನ ಕಡೆ ತಿರುಗಿ, 'ಅವಳು ಏನು ನಂಬರ್ ಕೊಟ್ಟಿದ್ದಳು, ಏನು ಬಂದ್ ಮಾಡಿದ್ದಳು ಅಂತ ಎಲ್ಲಾದ್ರೂ ಬರೆದಿಟ್ಟಿದ್ದಾಳಾ?' ಎಂದಳು. ಇಲ್ಲ ಎನ್ನಲು ಬಾಯಿ ತೆರೆದವನು ಅಂಗಿಯ ಮೇಲೆ ಕೈಯಿಟ್ಟುಕೊಂಡೆ. ನನ್ನ ಎದೆಯ ಜೇಬಿನಲ್ಲಿ ಪಾಕೆಟ್ ಡೈರಿಯಿತ್ತು. ಡೈರಿಯಲ್ಲಿ ಆ ಚೀಟಿಯಿತ್ತು.

ನೀನು ಫೋನಿನಲ್ಲಿ ಎರಡು ಸಲ ಕಳಿಸಿ ಎಂದು ಕೇಳಿದ ಚೀಟಿ ಅದೇ. ಅವಳು ಹೋದ ಹತ್ತನೆಯ ದಿನ ಅವಳ ಡಬ್ಬಿ, ಛತ್ರಿ, ಮೇಜಿನ ಖಾನೆಯಲ್ಲಿದ್ದ ವಸ್ತುಗಳನ್ನು ತರಲು ನಾನು ವಾಚನಾಲಯಕ್ಕೆ ಹೋಗಿದ್ದೆನಲ್ಲ, ಆಗ ಗೋಡೆಯ ಪೆಟ್ಟಿಗೆಯ ಅಡಿಯಲ್ಲಿ ಅಂಗೈ ಅಗಲದ ಹಳದಿ ಕಾಗದ ಕಾಣಿಸಿತು. ಅವಳ ಅಕ್ಷರ. ಅವಳು ಎಲ್ಲವನ್ನೂ ಕೀಲಿಮಣೆಯಲ್ಲಿ ಬಡಿಯುವವಳು. ಅವಳ ಶಾಲೆಯ ಕೈಬರಹದ ನೋಟುಪುಸ್ತಕಗಳನ್ನು ಕಪಾಟು ಖಾಲಿ ಮಾಡುವ ಶಿಸ್ತಿನಲ್ಲಿ ರದ್ದಿಗೆ ಹಾಕಿದವನು ನಾನು. ಅವಳ ಕೈಯಕ್ಷರ ನಮಗೆ ಉಳಿದಿರುವುದು ಅದೊಂದೇ. ಅದನ್ನು ಬಿಡಿಸಿಕೊಡಲು ಸಾಧ್ಯವೇ ಎಂದು ಅಲ್ಲಿಯ ಜವಾನನನ್ನು ಕೇಳಿದೆ. ಗೊತ್ತಲ್ಲ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಕಟ್ಟಿಕೊಂಡು ಝಣಝಣ ಓಡಾಡುವ, ಪುಟ್ಟಿ ಬೀಗದಣ್ಣ ಎಂದು ಕರೆಯುತ್ತಿದ್ದ ಆಸಾಮಿ. ನಾನು ಅವಳ ಖಾನೆ ಖಾಲಿ ಮಾಡುವಷ್ಟರಲ್ಲಿ ಅವನು ಚೀಟಿಯನ್ನು, ನಡುವೆ ಒಂದು ಸೂಜಿಚುಕ್ಕಿ ಬಿಟ್ಟರೆ, ಎಲ್ಲಿಯೂ ಹರಿಯದಂತೆ ತಂದುಕೊಟ್ಟ. ಅಂದಿನಿಂದ ದಿನಕ್ಕೆ ಹತ್ತು ಸಲ ತೆಗೆದು ನೋಡಿದ್ದೇನೆ. ಮೇಲಿನ ಎರಡು ಸಾಲು ಯಂತ್ರದ ಲೆಕ್ಕ ಎಂದು ಬಿಟ್ಟು, ಮೂರನೆಯದನ್ನು ಮಾತ್ರ ಓದಿದ್ದೇನೆ: 'ಮುಟ್ಟುವ ಮೊದಲು ನನ್ನನ್ನು ಕೇಳಿ.'

ಕಾಲೇಜಿನಲ್ಲಿ ನಮ್ಮ ಚರ್ಚಾಕೂಟದ ಮೇಷ್ಟ್ರು, ಎದುರಾಳಿಯ ಕಾಗದಕ್ಕೆ ಕಣ್ಣು ಹಾಕುವ ಮೊದಲು ನಿನ್ನ ಕಾಗದವನ್ನು ಪೂರ್ತಿ ಓದಿಕೋ ಎನ್ನುತ್ತಿದ್ದರು. ಬುಧವಾರ ಮಧ್ಯಾಹ್ನ ಮೊದಲ ಸಲ ಪೂರ್ತಿ ಓದಿದೆ. ಮೊದಲ ಸಾಲು: 192.168.1.2. ಎರಡನೆಯ ಸಾಲು: ಡಿಎಚ್‌ಸಿಪಿ ಬಂದ್ ಮಾಡಿದೆ. ಕೆಳಗೆ ಅವಳ ಪುಟ್ಟ ಸಹಿ, ಎರಡು ವರ್ಷದ ಹಿಂದಿನ ತಾರೀಖು. ರಿಪೇರಿ ಅಂಗಡಿಯಾಕೆ ಅದನ್ನು ಬೆಳಕಿಗೆ ಹಿಡಿದು, 'ಇನ್ನೇನು ಬೇಕು ಅಂಕಲ್, ಅಂಗೈಯಲ್ಲೇ ಇದೆ' ಎಂದಳು. ಐದು ನಿಮಿಷದಲ್ಲಿ ಸರಿಮಾಡಿಬಿಡುತ್ತೇನೆ ಎಂದು ಲ್ಯಾಪ್‌ಟಾಪ್ ಎಳೆದುಕೊಂಡಳು. ನಾನು ತಡೆದೆ. ಶನಿವಾರದ ಸಭೆಯವರೆಗೆ ಇದು ಹೀಗೆಯೇ ಇರಬೇಕು, ಎಲ್ಲರೆದುರು ತೋರಿಸಿದ ಮೇಲೆಯೇ ಸರಿಮಾಡಬೇಕು ಎಂದೆ. ಒಳಹಾಲಿನ ಮೂಲೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಹೆಂಗಸೊಬ್ಬಳು ಫೋನನ್ನು ಕಿಟಕಿಗೆ ಹಿಡಿದು ಪರದಾಡುತ್ತಿದ್ದಳು. ಅದನ್ನು ಕಂಡೂ ತಡೆದೆ. ಸಾಕ್ಷ್ಯ ಮುಖ್ಯ ಎಂದುಕೊಂಡೆ.

ನಿನ್ನೆಯ ಭಾಷಣವನ್ನು ನೀನು ಕೇಳಬೇಕಿತ್ತು. ಜಂಬವೆಂದು ತಿಳಿಯಬೇಡ; ನಾಲ್ವತ್ತು ವರ್ಷದಲ್ಲಿ ಅಂಥದ್ದೊಂದು ಮಾತಾಡಿರಲಿಲ್ಲ. ನಡಾವಳಿಯ ವಾಕ್ಯವನ್ನು ಗಟ್ಟಿಯಾಗಿ ಓದಿದೆ. ಚೀಟಿಯನ್ನು ಎತ್ತಿ ತೋರಿಸಿದೆ. 'ಈ ಮೂರು ಸಾಲು ಬರೆದವಳು ನಿರ್ಲಕ್ಷ್ಯದವಳೋ, ಇದನ್ನು ಓದದೆ ಆ ಒಂದು ಸಾಲು ಬರೆದವರು ನಿರ್ಲಕ್ಷ್ಯದವರೋ?' ಎಂದು ಕೇಳಿದೆ. ರಿಪೇರಿ ಅಂಗಡಿಯಾಕೆ ಪರದೆಯ ಮೇಲೆ ಎರಡು ಪೆಟ್ಟಿಗೆಗಳ ಜಗಳವನ್ನು ತೋರಿಸಿದಳು. ಕಾರ್ಯದರ್ಶಿಯವರು ಒಂದು ಕನ್ನಡಕ ತೆಗೆದು ಇನ್ನೊಂದು ಹಾಕಿಕೊಂಡರು. ಅಷ್ಟಕ್ಕೆ ನಿಲ್ಲಿಸಿದ್ದರೆ ಗೆದ್ದಿದ್ದೆ. ಆದರೆ ನಾನು ಗಂಟೆ ಬಾರಿಸಿದ ಮೇಲೂ ನಿಲ್ಲಿಸದವನಲ್ಲವೇ? ಮೇಜು ಗುದ್ದಿ ಹೇಳಿದೆ: 'ನನ್ನ ಮಗಳ ಕೆಲಸವನ್ನು ಅಳಿಸಿಹಾಕಿದ ಆ ಕೈ ಯಾರದು? ಅದು ಈ ಕಟ್ಟಡದೊಳಗಿನ ಕೈಯೇ. ನಿರ್ಲಕ್ಷ್ಯ ಎಂಬ ಪದದ ಪಕ್ಕದಲ್ಲಿ ಅವಳ ಹೆಸರು ಹೊಡೆದು ಆ ಮನುಷ್ಯನ ಹೆಸರು ಬರೆಯಿರಿ. ಅವನನ್ನು ಇಲ್ಲಿಂದ ಹೊರಗೆ ಹಾಕಿ.' ಚಪ್ಪಾಳೆ ಬಿತ್ತು. ಸಂತಾಪ ಸಭೆಯಲ್ಲಿ ಚಪ್ಪಾಳೆ! ಕಾರ್ಯದರ್ಶಿಯವರು ಬೆವರೊರೆಸಿಕೊಂಡು, ಆ ವಾಕ್ಯವನ್ನು ಹೊಡೆದುಹಾಕುತ್ತೇವೆ, ಸೋಮವಾರ ಹನ್ನೊಂದಕ್ಕೆ ಸಮಿತಿ ಸೇರಿ ಮುಟ್ಟಿದವರನ್ನು ಪತ್ತೆಹಚ್ಚಿ ಕೆಲಸದಿಂದ ತೆಗೆಯುತ್ತೇವೆ ಎಂದು ಎಲ್ಲರೆದುರು ಮಾತುಕೊಟ್ಟರು.

ಜನ ಚದುರಿದ ಮೇಲೆ ರಿಪೇರಿಗೆ ಕುಳಿತೆವು. ನಾನೇ ಮಾಡುತ್ತೇನೆ, ನೀನು ಹೇಳು ಎಂದು ಅಂಗಡಿಯಾಕೆಗೆ ಅಂದೆ. ಪುಟ್ಟಿಯ ಕುರ್ಚಿಯಲ್ಲಿ ಕುಳಿತು ಅವಳ ಕೆಲಸವನ್ನು ಒಂದು ಸಲವಾದರೂ ಕೈಯಾರೆ ಮಾಡಬೇಕೆನ್ನಿಸಿತ್ತು. ಕುರ್ಚಿ ತೋರಿಸುವ ಕೆಲಸ ಎಂದವನಿಗೆ ಅದು ಸಲ್ಲಬೇಕಾದದ್ದೇ. ಪೆಟ್ಟಿಗೆಗೆ ತಂತಿ ಚುಚ್ಚಲು ಬೀಗದಣ್ಣ ಏಣಿ ಹಿಡಿದ. ನಾನು ಏರಿದೆ. (ಬೈಯಬೇಡ, ನಾಲ್ಕೇ ಮೆಟ್ಟಿಲು.) ತಲೆಯೆತ್ತಿ ಪೆಟ್ಟಿಗೆಯ ಅಡಿ ನೋಡಿದೆ. ಎರಡು ವರ್ಷದ ಧೂಳಿನ ನಡುವೆ ಅಂಗೈ ಅಗಲದ ಒಂದು ಚೊಕ್ಕ ಚೌಕ, ಚೀಟಿಯಿದ್ದ ಜಾಗ. ಆ ಚೌಕದ ನಟ್ಟನಡುವೆ ಸೂಜಿಮೊನೆಯಷ್ಟು ಒಂದು ತೂತು.

ಅವಳು ಆ ಚೀಟಿಯನ್ನು ಸುಮ್ಮನೆ ಅಲ್ಲಿ ಅಂಟಿಸಿರಲಿಲ್ಲ. ತೂತು ಮುಚ್ಚಲೆಂದೇ ಅಂಟಿಸಿದ್ದಳು.

ನಾನು ಕೆಳಗೆ ನೋಡಿದೆ. ಬೀಗದಣ್ಣ ಏಣಿಯನ್ನು ಎರಡು ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ. ಗೊಂಚಲು ಸದ್ದು ಮಾಡುತ್ತಿರಲಿಲ್ಲ. 'ಉಗುರಲ್ಲಿ ಎಬ್ಬಿಸೋಕೆ ನೋಡ್ದೆ ಸಾರ್, ಬರಲಿಲ್ಲ' ಎಂದ. 'ಹರಿದುಬಿಟ್ರೆ ನಿಮಗೆ ಏನಂತ ಕೊಡ್ಲಿ? ಪಿನ್ನು ತಗೊಂಡು ನಡುಮಧ್ಯ ಮೆತ್ತಗೆ ಒತ್ತಿ ಹಿಡ್ಕೊಂಡು ಅಂಚು ಬಿಡಿಸ್ದೆ. ಪಿನ್ನು ಎಲ್ಲೋ ಒಳಗೆ ಸಿಕ್ಕಿದಂಗಾಯ್ತು. ದೀಪ ಎಲ್ಲಾ ಆರಿ ಹತ್ತಿದವು. ನನಗೇನು ಗೊತ್ತು ಸಾರ್.' ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಹೇಳಿದ: 'ಸೋಮವಾರ ನಾನೇ ಹೇಳ್ತೀನಿ. ಚೀಟಿ ನೀವು ಕೇಳಿದ್ದು ಅಂತ ಹೇಳಲ್ಲ. ಮಗಳನ್ನ ಕಳ್ಕೊಂಡೋರು ನೀವು.'

ಇವಳೇ, ಅವನೂ ನನಗೆ ಅನುಕಂಪ ತೋರಿಸುತ್ತಿದ್ದ. ಅದಕ್ಕಾಗಿ ತನ್ನ ಇಪ್ಪತ್ತಾರು ವರ್ಷದ ನೌಕರಿಯನ್ನೇ ಬಿಟ್ಟುಕೊಡಲು ಹೊರಟಿದ್ದ. ಒಂದು ಗಂಟೆ ಮೊದಲು ಐವತ್ತು ಜನರ ಅನುಕಂಪವನ್ನು ಮನೆಗೆ ಒಯ್ಯಿರಿ ಎಂದವನಿಗೆ ಆ ಒಬ್ಬನದ್ದನ್ನು ಹಿಂತಿರುಗಿಸಲು ಒಂದು ವಾಕ್ಯವೂ ಸಿಗಲಿಲ್ಲ. ಇಳಿದು ಬಂದು ಕುರ್ಚಿಯಲ್ಲಿ ಕುಳಿತೆ. ಅಂಗಡಿಯಾಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೊದಲ ಸಲ ಸಿಡಿಮಿಡಿ ಬಿಟ್ಟು ಒಂದೊಂದಾಗಿ ಹೇಳಿದಳು. ಲ್ಯಾಪ್‌ಟಾಪಿಗೆ ಕೈಯಿಂದ ಒಂದು ನಂಬರು ಕೊಟ್ಟೆ, ಇಲ್ಲದಿದ್ದರೆ ಅದರ ಮಾತು ಪೆಟ್ಟಿಗೆಗೆ ತಿಳಿಯುವುದಿಲ್ಲವಂತೆ. ಪೆಟ್ಟಿಗೆಯ ಪುಟ ತೆರೆಯಿತು. ಡಿಎಚ್‌ಸಿಪಿ ಎಂದಿದ್ದ ಕಡೆ ಬಂದ್ ಮಾಡಿ ಉಳಿಸಿದೆ. ವಿಳಾಸ ಎಂದಿದ್ದ ಕಡೆ, ಚೀಟಿ ನೋಡಿಕೊಂಡು, ಕೊನೆಯ ಒಂದನ್ನು ಅಳಿಸಿ ಎರಡು ಎಂದು ಬರೆದೆ. ಉಳಿಸು ಎಂಬುದನ್ನು ಒತ್ತಿದೆ. ಪುಟ ನಿಂತುಹೋಯಿತು. ಸುತ್ತುವ ಚಕ್ರ, ಆಮೇಲೆ ಬರೀ ಬಿಳಿ. 'ಕೆಡಿಸಿಬಿಟ್ಟೆ' ಎಂದು ಎದ್ದೆ. ಅವಳು ಹೆಗಲು ಹಿಡಿದು ಕೂರಿಸಿ, 'ಏನೂ ಕೆಟ್ಟಿಲ್ಲ. ಅದು ಮನೆ ಬದಲಾಯಿಸಿದೆ, ನೀವಿನ್ನೂ ಹಳೇ ಮನೆ ಬಾಗಿಲು ಬಡೀತಿದ್ದೀರಿ. ಹೊಸ ವಿಳಾಸಕ್ಕೆ ಹೋಗಿ ಅಂಕಲ್' ಎಂದಳು. ಹೊಸದನ್ನು ಬರೆದೆ. ತೆರೆಯಿತು. ಸ್ವಲ್ಪ ಹೊತ್ತಿಗೆ ಮೂಲೆಯಿಂದ ಆ ಪರೀಕ್ಷೆಯ ಹೆಂಗಸು, ಸಭೆಯ ಗದ್ದಲಕ್ಕೂ ಏಳದೆ ಓದುತ್ತಿದ್ದವಳು, 'ಅಯ್ಯೋ, ಬಂತು ಕಣ್ರೀ!' ಎಂದಳು. ಬುಧವಾರದಿಂದ ಅವಳನ್ನು ಕಾಯಿಸಿದವನು ನಾನು ಎಂದು ಅವಳಿಗೆ ಹೇಳಲಿಲ್ಲ. ಹೇಳಬೇಕಿತ್ತು.

ರಾತ್ರಿ ಇದೇ ಮೇಜಿನಲ್ಲಿ ಕುಳಿತು ಸಿಟ್ಟು ಮಾಡಿಕೊಳ್ಳಲು ಒಬ್ಬರನ್ನು ಹುಡುಕಿದೆ. ಕಾರ್ಯದರ್ಶಿಯ ಮೇಲೆ ಸಿಟ್ಟು ಇನ್ನೂ ಇದೆ. ನೋಡದೆ ಬರೆದ ಪದಕ್ಕೆ ಕ್ಷಮೆಯಿಲ್ಲ, ಆ ಲಕೋಟೆಯನ್ನು ನಾನು ಸಾಯುವವರೆಗೆ ಇಟ್ಟುಕೊಳ್ಳುತ್ತೇನೆ. ಆದರೆ ಮೇಜು ಗುದ್ದಿ ನಾನು ಕೇಳಿದ ಕೈ ನನ್ನದು. ಮುಟ್ಟುವ ಮೊದಲು ನನ್ನನ್ನು ಕೇಳಿ ಎಂದು ಬರೆದಿದ್ದಳು. ಕೇಳಲು ಅವಳಿರಲಿಲ್ಲ ನಿಜ, ಅಲ್ಲಿ ಯಾಕೆ ಅಂಟಿಸಿದ್ದಾಳೆ ಎಂದು ಯೋಚಿಸಲು ನಾನಿದ್ದೆನಲ್ಲ! ಮೂರೂವರೆ ವಾರ ಅವಳ ಹೆಸರು ಕೆಡಿಸಿದ ರೋಗವೂ ಅದರ ಔಷಧಿಯೂ ಒಂದೇ ಜೇಬಿನಲ್ಲಿದ್ದವು, ನನ್ನ ಜೇಬಿನಲ್ಲಿ.

ನಾಳೆ ಹನ್ನೊಂದಕ್ಕೆ ಸಮಿತಿಯ ಮುಂದೆ ನಿಲ್ಲುತ್ತೇನೆ. ಬರವಣಿಗೆ ಸಿದ್ಧವಾಗಿದೆ, ಐದೇ ಸಾಲು: ಪೆಟ್ಟಿಗೆಯ ಚೀಟಿಯನ್ನು ತೆಗೆಸಿದವನು ಮೃತಳ ತಂದೆ; ಜವಾನ ಅವನ ಕೋರಿಕೆಯನ್ನು ನಡೆಸಿಕೊಟ್ಟನು ಅಷ್ಟೆ; ನಿರ್ಲಕ್ಷ್ಯ ಎಂಬ ಪದವನ್ನು ಪುಸ್ತಕದಲ್ಲಿ ಉಳಿಸಲೇಬೇಕೆಂದಿದ್ದರೆ ತಂದೆಯ ಹೆಸರಿನ ಪಕ್ಕದಲ್ಲಿ ಉಳಿಸತಕ್ಕದ್ದು; ಹೊರಗೆ ಹಾಕತಕ್ಕದ್ದು ವಾಚನಾಲಯದ ಸದಸ್ಯನಾದ ಅವನನ್ನು; ಜವಾನನನ್ನು ಮುಟ್ಟತಕ್ಕದ್ದಲ್ಲ. ಅವರು ಅಯ್ಯೋ ಪಾಪ, ಹೋಗಲಿ ಬಿಡಿ ಎನ್ನುತ್ತಾರೆಂದು ಬಲ್ಲೆ. ಬಿಡುವುದಿಲ್ಲ. ಬರೆಸಿಯೇ ಬರುತ್ತೇನೆ.

ನಿನ್ನ ಅಕ್ಕನಿಗೂ ಷಡ್ಡಕರಿಗೂ ನನ್ನ ನಮಸ್ಕಾರ ತಿಳಿಸು. ಚಳಿ ಶುರುವಾಗಿದೆ, ಮೊಣಕಾಲಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ. ನಿನಗೆ ಒಳ್ಳೆಯದಾಗಲಿ ಎಂದು ಹಾರೈಸುವ ಅಭ್ಯಾಸ ನನಗಿರಲಿಲ್ಲ, ಈಗ ಹಾರೈಸುತ್ತಿದ್ದೇನೆ.

ಇಂತು,
ನಿನ್ನ ಇವರು

ತಾ.ಕ.: ಲಕೋಟೆ ಅಂಟಿಸುವ ಮುನ್ನ ಅವಸರದಲ್ಲಿ ಇದೊಂದು. ಲಕೋಟೆಯೊಳಗೆ ಚೀಟಿ ಹುಡುಕಬೇಡ, ಇಲ್ಲ. ನೀನು ಕೇಳಿದ್ದೆ, ಕಳಿಸುತ್ತೇನೆ ಎಂದಿದ್ದೆ. ನಿನ್ನೆ ಹೊರಡುವ ಮುಂಚೆ ಮತ್ತೆ ಏಣಿ ಏರಿ, ಗೋಂದು ಹಚ್ಚಿ, ಆ ತೂತಿನ ಮೇಲೆಯೇ, ಅದೇ ಚೌಕದಲ್ಲಿ ಅಂಟಿಸಿ ಬಂದೆ. ನಕಲು ಬರೆದು ಅದನ್ನು ಅಂಟಿಸಬಹುದಿತ್ತು ಎನ್ನುತ್ತೀಯೆ. ನನ್ನ ಅಕ್ಷರ ಕಂಡರೆ ಅಲ್ಲಿ ಯಾರೂ ಕೈ ತಡೆಯುವುದಿಲ್ಲ, ಅವಳದ್ದಕ್ಕೆ ತಡೆಯುತ್ತಾರೆ. ಇದನ್ನು ನಿನ್ನನ್ನು ಕೇಳದೆ ನಾನೊಬ್ಬನೇ ತೀರ್ಮಾನಿಸಿದ್ದೇನೆ. ಸಿಟ್ಟು ಬಂದರೆ ಬಂದು ಬೈಯಿ. ಮಂಗಳವಾರ ಬಿಟ್ಟು ಎಲ್ಲ ದಿನ ಬೆಳಿಗ್ಗೆ ಒಂಬತ್ತಕ್ಕೆ ವಾಚನಾಲಯ ತೆರೆಯುತ್ತದೆ. ನೀನು ಏಣಿ ಹತ್ತುವುದು ಬೇಡ. ಕಿಟಕಿಯ ಪಕ್ಕದ ಎರಡನೆಯ ಕುರ್ಚಿಯಲ್ಲಿ ಕುಳಿತು ತಲೆಯೆತ್ತಿದರೆ ಅವಳ ಅಕ್ಷರ ಕಾಣುತ್ತದೆ, ನಾನು ಕುಳಿತು ನೋಡಿದ್ದೇನೆ. ಆ ಕುರ್ಚಿಯನ್ನು ನಿನಗೆ ತೋರಿಸುವ ಕೆಲಸ ನನ್ನದು.